ಅರವತ್ತರ ಟೇಪು

ಇಪ್ಪತ್ತೆರಡು ವರ್ಷ ಕೌಲ್ ಬಜಾರಿನ ಶೆಡ್ಡಿನಲ್ಲಿ
ಕಾಣದ ಊರುಗಳ ಸೊಂಟ ಕತ್ತರಿಸಿದವಳು ನಾನು.
ಇಪ್ಪತ್ತೆಂಟು, ಮೂವತ್ತು, ಮೂವತ್ತೆರಡು.
ನಲವತ್ತನಾಲ್ಕರ ಮೇಲೆ ಆರ್ಡರು ಬಂದರೆ
ಸೇಠು ನಗುತ್ತಿದ್ದ: "ಡೇರೆ ಕತ್ತರಿಸು ಗಾದೆಮ್ಮ, ಡೇರೆ."
ನಾನೂ ನಕ್ಕಿದ್ದೇನೆ. ನೆನಪಿದೆ.

ಈಗ ಸೀನು ಬಂತೆಂದರೆ ಕತ್ತರಿ ಕೆಳಗಿಟ್ಟು
ಕಾಲಿಗೆ ಕಾಲು ಹೆಣೆದು ನಿಲ್ಲುತ್ತೇನೆ.
ಜೀನ್ಸಿನ ಥಾನು ಎತ್ತಿದರೆ ಮುಗಿಯಿತು.
ಮೊದಮೊದಲು ಹಳೆ ಲಂಗ ಹರಿದು ಮಡಿಸಿಟ್ಟೆ,
ಆಮೇಲೆ ಮಗಳ ಪ್ಯಾಡು, ಒಂದರ ಮೇಲೊಂದು ಎರಡು.
ಪ್ಯಾಡಿಗೆ ರಕ್ತದ ನಿಧಾನ ಗೊತ್ತು,
ಉಚ್ಚೆಯ ಅವಸರ ಗೊತ್ತಿಲ್ಲ.

"ಯಾರಿಗೆ? ಮನೇಲಿ ಅಜ್ಜಿಗಾ?" ಅಂದ
ಮೆಡಿಕಲ್ ಶಾಪಿನ ಜಿಲಾನಿ.
"ಹ್ಞೂ, ಅಜ್ಜಿಗೆ."
ಸತ್ತು ಹದಿನಾರು ವರ್ಷವಾದ ನಮ್ಮತ್ತೆ
ಅವತ್ತು ನನ್ನ ಪರವಾಗಿ ಒದ್ದೆಯಾದಳು.
ಪೇಪರು ಸುತ್ತಿ, ಕರಿ ಕವರಿಗೆ ತುರುಕಿ,
ಕಳವಿನ ಮಾಲಿನಂತೆ ಕೈಗಿಟ್ಟ.
ಅಜ್ಜಿ ಎಷ್ಟು ದಪ್ಪ ಅಂತ ಅವನು ಕೇಳಲಿಲ್ಲ.
ನಾನು ಹೇಳಲಿಲ್ಲ.

ಎಕ್ಸೆಲ್ ಅಂತಿತ್ತು. ಪೊಟ್ಟಣದ ಮೇಲೆ
ಬೆಳ್ಳಿ ಕೂದಲಿನ, ಕಡ್ಡಿಯಂಥ ಹೆಂಗಸೊಬ್ಬಳು ನಗುತ್ತಿದ್ದಳು.
ಹಿಂದಿನ ಪಟ್ಟಿ ಮುಂದಿನದನ್ನು ಮುಟ್ಟಲಿಲ್ಲ.
ನಡುವೆ ನಾನು,
ತುಂಬಿದ ತುಂಗಭದ್ರೆಯ ಹಾಗೆ.

ಸಿಟ್ಟಿಗೆ ಒಂದನ್ನು
ಕತ್ತರಿಸುವ ಮೇಜಿನ ಮೇಲೆ ಅಂಗಾತ ಮಲಗಿಸಿ
ಬೇರೆ ಕಂಪನಿಯ ಪ್ಯಾಂಟು ಬಿಚ್ಚಿ ನೋಡುವಂತೆ ನೋಡಿದೆ.
ಸೊಂಟ ಹಿಗ್ಗಿಸಿದ್ದಾರೆ, ತೊಡೆ ಹಿಗ್ಗಿಸಿಲ್ಲ.
ಹೊಟ್ಟೆಯ ಮಡಿಕೆಗೆ ಲೆಕ್ಕವೇ ಇಲ್ಲ.
ಕೂತಾಗ ಮೈ ನಾಲ್ಕಿಂಚು ಅಗಲವಾಗುತ್ತದಲ್ಲ,
ಇದನ್ನು ಮಾಡಿದವನು
ನಿಂತವರನ್ನಷ್ಟೇ ನೋಡಿದ್ದಾನೆ.

ಅವತ್ತು ಊಟದ ಹೊತ್ತಿಗೆ ಬಾಗಿಲು ಹಾಕಿ
ನನ್ನ ಟೇಪನ್ನು ಮೊದಲ ಸಲ ನನಗೇ ಸುತ್ತಿದೆ.
ಸೊಂಟ ಐವತ್ತೆರಡು. ತೊಡೆ ಮೂವತ್ತೊಂದು.
ಹಿಪ್ಪು ಐವತ್ತೆಂಟು.
ಅರವತ್ತರ ಟೇಪಿನಲ್ಲಿ
ಇನ್ನೂ ಎರಡು ಇಂಚು ಉಳಿದಿತ್ತು.
ಸೀಮೆಸುಣ್ಣದಲ್ಲಿ ಮೇಜಿಗೆ ಬರೆದೆ, ಹೆಸರು ಬಿಟ್ಟು.

ಗುಂಡಿ ಹಾಕುವ ಮಾಬಮ್ಮ ಬಂದಳು, ಓದಿದಳು.
"ಯಾರ ಅಳತಿ ಅಕ್ಕ?"
"ನಂದೇ."
ಮೇಜಿನ ಮೇಲಿದ್ದುದನ್ನು ನೋಡಿದಳು. ಕತ್ತರಿಯನ್ನು
ಸುಮ್ಮನೆ ಅತ್ತಿಂದಿತ್ತ ಸರಿಸಿದಳು.
"ರಾತ್ರಿಗೆ ಈ ಪಟ್ಟೀದು ಬ್ಯಾಡಕ್ಕ,
ಮಗ್ಗಲು ಹೊರಳಿದ್ರೆ ಬಿಚ್ಕಂತೈತೆ. ಎಳ್ಕಣಾ ಚಡ್ಡಿ ಬರ್ತಾವೆ.
ಹೊರಗ ಪ್ಲಾಸ್ಟಿಕ್ ಇರೋದು ತಗಾಬ್ಯಾಡ,
ನಮ್ಮ ಬಳ್ಳಾರಿ ಬಿಸ್ಲಿಗೆ ತೊಡೆ ಬೆಂದು ಹೋಗ್ತಾವೆ."
ನಿನಗೆ ಹೇಗೆ ಗೊತ್ತು ಎಂದು ಕೇಳಲಿಲ್ಲ ನಾನು.
ಅವಳೇ ಅಂದಳು: "ಮೂರನೇ ಹೆರಿಗೆಯಿಂದ."
ಹನ್ನೊಂದು ವರ್ಷ ಒಂದೇ ಶೆಡ್ಡು, ಒಂದೇ ಬುತ್ತಿ,
ಒಂದೇ ಬೆಂಚಿನ ಮೇಲೆ
ಇಬ್ಬರೂ ಬೇರೆ ಬೇರೆ ಒದ್ದೆಯಾಗಿದ್ದೆವು.

ಜಿಲಾನಿಗೆ ಚೀಟಿ ಕೊಟ್ಟೆ, ಮೂರು ಅಂಕಿ.
"ಅಜ್ಜಿ ಇಷ್ಟು..." ಅಂದು ನಿಂತ. ತಲೆ ಎತ್ತಿ ನನ್ನ ನೋಡಿದ.
ಕಿವಿ ಕೆಂಪಾಯಿತು, ಅವನದು.
ಹೋಲ್‌ಸೇಲಿನವನಿಗೆ ಫೋನು ಹಚ್ಚಿದ:
"ಇನ್ನೂ ದೊಡ್ಡದು ಕಳಿಸಣ್ಣ. ಇಲ್ಲ, ಅದಲ್ಲ. ಅದಕ್ಕಿಂತ."
ಸಾಲಿನಲ್ಲಿ ನಾಲ್ಕು ಜನ.
ನಾನು ಸೀಲಿಂಗ್ ಫ್ಯಾನಿನ ರೆಕ್ಕೆ ಎಣಿಸಿದೆ. ಮೂರಿದ್ದವು.

ಬಂದದ್ದು ಹತ್ತರ ಪೊಟ್ಟಣ, ದುಬಾರಿ.
ನಡೆದರೆ ಸಣ್ಣಗೆ ಸರಸರ ಅನ್ನುತ್ತದೆ,
ಒಣ ಜೋಳದ ರವುದಿಯಲ್ಲಿ ಬೆಕ್ಕು ಹೋದಂತೆ.
ಪೂರ್ತಿ ಸರಿಯಿಲ್ಲ. ಎಡತೊಡೆಗೆ ಕೊಂಚ ಬಿಗಿ.
ಆದರೆ ಮೊನ್ನೆ ಮಿರ್ಚಿಯ ಘಾಟಿಗೆ
ಏಳು ಸಲ ಸೀನಿದೆ,
ಕಾಲು ಅಗಲಿಸಿ ನಿಂತು.

ಈ ವಾರ ಐವತ್ತನಾಲ್ಕರ ಆರ್ಡರು, ಮೂವತ್ತು ಪೀಸು.
ಸೇಠು ಡೇರೆ ಅನ್ನಲು ಬಾಯಿ ತೆರೆದ.
ನಾನು ಕತ್ತರಿ ತೆಗೆದುಕೊಂಡೆ.
ಕಾಗದದ ನಮೂನೆಯ ಗೆರೆ ದಾಟಿ
ತೊಡೆಯ ಬದಿಗೆ ಎರಡಿಂಚು ಬಟ್ಟೆ ಹೆಚ್ಚು ಬಿಟ್ಟೆ.
"ಬಟ್ಟೆ ದಂಡ," ಅಂದ.
"ಅವರು ಕೂತ್ಕಾಬೇಕಲ್ಲ ಸೇಠು," ಅಂದೆ.